ವಸಂತದರ್ಶನ ಮೀಮಾಂಸೆ ಎಂಬ ಹೀರೆಪಾತಿಯ ಶಾಸ್ತ್ರ

ಉಪೋದ್ಘಾತ

ಉಚ್ಚಂಗಿದುರ್ಗದ ಸುತ್ತಣ ಸೀಮೆಗೆ, ಎಂದರೆ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳೆಂಬ ಪಂಚಸ್ಥಳಗಳಿಗೆ, ವಸಂತ ಋತುವು ಯಾವ ದಿನ, ಯಾವ ಜಾವದಲ್ಲಿ, ಮೊದಲು ಯಾರ ಹಿತ್ತಿಲಿಗೆ ಆಗಮಿಸುತ್ತದೆಂಬ ಪ್ರಶ್ನೆಯನ್ನು ಪೂರ್ವಾಚಾರ್ಯರಾರೂ ಕೈಗೆತ್ತಿಕೊಳ್ಳದೆ ಹೋದುದರಿಂದ, ಆ ಗುರುತರವಾದ ಭಾರವು ತರ್ಕದಲ್ಲಿ ಅರೆಬೆಂದವರೂ ತೋಟಗಾರಿಕೆಯಲ್ಲಿ ಪೂರ್ತಿ ಹಸಿಯೂ ಆದ ನಮ್ಮ ಮೇಲೆ ಬಿದ್ದಿದೆ. ಕಾಳಿದಾಸನು ಋತುಸಂಹಾರವನ್ನು ಗ್ರೀಷ್ಮದಿಂದ ತೊಡಗಿ ವಸಂತದಲ್ಲಿ ಮುಗಿಸಿ ಆರು ಋತುಗಳಿಗೆ ಆರು ಸರ್ಗಗಳನ್ನು ಸಮನಾಗಿ ಹಂಚಿದನು. ಆ ಮಹಾಕವಿಯು ಕೂಡ್ಲಿಗಿಯಲ್ಲಿ ಹುಟ್ಟಿದ್ದರೆ ಗ್ರೀಷ್ಮಕ್ಕೇ ನಾಲ್ಕು ಸರ್ಗಗಳನ್ನು ಕೊಟ್ಟು, ಮಿಕ್ಕ ಐದು ಋತುಗಳನ್ನು ಉಳಿದೆರಡರಲ್ಲಿ ಮಡಚಿಡಬೇಕಾಗುತ್ತಿತ್ತು.

ಪರದೇಶದ ಪಂಡಿತರು ಈ ವಿಷಯದಲ್ಲಿ ನಮಗಿಂತ ಶ್ರಮಪಟ್ಟಿದ್ದಾರೆ. ಇಂಗ್ಲೆಂಡಿನ ನಾರ್ಫೋಕಿನಲ್ಲಿ ರಾಬರ್ಟ್ ಮಾರ್ಶಮ್ ಎಂಬ ಗೃಹಸ್ಥನು ವಸಂತದ ಕುರುಹುಗಳನ್ನು 1736ರಿಂದ ದಾಖಲಿಸತೊಡಗಿದನು. 1913ರ ಫೆಬ್ರುವರಿಯಲ್ಲಿ, ಭಾರತದ ಭೂಗರ್ಭ ಸರ್ವೇಕ್ಷಣೆಯಲ್ಲಿ ದುಡಿದು ಹೋಗಿದ್ದ ರಿಚರ್ಡ್ ಲಿಡೆಕ್ಕರ್ ಎಂಬ ಪ್ರಾಣಿಶಾಸ್ತ್ರಜ್ಞನು ವರ್ಷದ ಮೊದಲ ಕೋಗಿಲೆಯನ್ನು ಕೇಳಿದೆನೆಂದು ಟೈಮ್ಸ್ ಪತ್ರಿಕೆಗೆ ಬರೆದು, ವಾರ ತುಂಬುವುದರೊಳಗಾಗಿ, ತಾನು ಕೇಳಿದ್ದು ಹಕ್ಕಿಯ ಕಂಠವಲ್ಲ, ಅದನ್ನು ಅನುಕರಿಸುತ್ತಿದ್ದ ಗಾರೆಯಾಳಿನ ಕಂಠವೆಂದು ಇನ್ನೊಂದು ಪತ್ರವನ್ನು ಬರೆದನು. ನಮ್ಮಲ್ಲಿ ಈ ಆಪತ್ತಿಲ್ಲ. ಹುಣಸೆಯ ಮರದಡಿ ಹುಡುಗನೊಬ್ಬನು ‘ಕುಹೂ’ ಎಂದರೆ ಮೇಲಿನ ಕೋಗಿಲೆಯು ಸಿಟ್ಟಿಗೆದ್ದು ಇಮ್ಮಡಿ ಸ್ವರದಲ್ಲಿ ಉತ್ತರ ಕೊಡುವುದರಿಂದ, ಮಿಥ್ಯೆಯಿಂದಲೇ ಸತ್ಯವು ಸಿದ್ಧಿಸುತ್ತದೆ.

ಪ್ರಮಾಣ ವಿಚಾರ

ಮೊದಲನೆಯದು ಪ್ರತ್ಯಕ್ಷ. ಎಲೆಯನ್ನೆಲ್ಲ ಕಳಚಿ ಕಟ್ಟಿಗೆಯಾಗಿ ನಿಂತ ಮುತ್ತುಗದ ಕೊಂಬೆಯಲ್ಲಿ ಮಖಮಲ್ಲಿನಷ್ಟು ನುಣುಪಾದ ಕಪ್ಪು ತೊಟ್ಟುಗಳು ಸಾಲುಗಟ್ಟಿ, ಒಂದೊಂದರಿಂದಲೂ ಬಾಗಿದ ಕೆಂಜಾಯದ ಎಸಳು ಹೊರಚಾಚಿ, ಮೈನಾಗಳು ಜೇನಿಗಾಗಿ ಕಚ್ಚಾಡುತ್ತ ಅರ್ಧ ಹೂವನ್ನು ನೆಲಕ್ಕೆ ಕೆಡವುವುದನ್ನು ಕಣ್ಣಾರೆ ಕಂಡವನು ವಸಂತವನ್ನು ಕಂಡೆನೆನ್ನಬಹುದು. ಆದರೆ ಇದು ಫಾಲ್ಗುಣದ ನೋಟ. ಫಾಲ್ಗುಣವಾದರೋ ಶಾಸ್ತ್ರದ ಪ್ರಕಾರ ಶಿಶಿರಕ್ಕೆ ಸೇರಿದ್ದು. ಆದಕಾರಣ ಮುತ್ತುಗಕ್ಕೆ ಅಕ್ಷರಾಭ್ಯಾಸವಿಲ್ಲವೆಂದು ತಿಳಿಯತಕ್ಕದ್ದು.

ಎರಡನೆಯದಾದ ಶಬ್ದಪ್ರಮಾಣದ ಗತಿಯೂ ಹೀಗೆಯೇ. ಚೈತ್ರ, ವೈಶಾಖಗಳು ವಸಂತವೆಂದು ವಿಧಿಸಿದ ಪಂಚಾಂಗವೇ ಮಾಘ ಶುದ್ಧ ಪಂಚಮಿಯನ್ನು ವಸಂತಪಂಚಮಿಯೆಂದು ಕರೆದು, ಅತಿಥಿಯ ಎಲೆಯನ್ನು ಅವನು ಬರುವ ಸುಮಾರು ಎರಡು ತಿಂಗಳು ಮೊದಲೇ ಹಾಸಿಬಿಟ್ಟಿದೆ. ಇನ್ನು ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕೇಳೋಣವೆಂದರೆ, ಆ ಒಂದೇ ಮಾತಿಗೆ ಎರೆಹೊಲದವನು ಒಂದರ್ಥವನ್ನೂ ಮಸಾರಿಯವನು ಇನ್ನೊಂದರ್ಥವನ್ನೂ ಊರು ತಲುಪುವುದರೊಳಗೆ ಬೆಳೆದುಕೊಂಡಿರುತ್ತಾರೆ.

ಮೂರನೆಯದು ಅನುಮಾನ. ಹಗರಿಬೊಮ್ಮನಹಳ್ಳಿಯ ಬಳಿಯ ಅಂಕಸಮುದ್ರದ ಕೆರೆಯು 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲೆಂದೂ 2024ರಲ್ಲಿ ರಾಮ್ಸಾರ್ ತಾಣವೆಂದೂ ಮನ್ನಣೆ ಪಡೆದಿದೆ. ನೀರಿನ ನಡುವಣ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ನೀರುಕಾಗೆಗಳೂ ಸಂಸಾರ ಹೂಡಿರುವ ಅಲ್ಲಿಂದ ಚಳಿಗೆ ಬಂದ ಬಾತುಗಳು ಉತ್ತರಾಭಿಮುಖವಾಗಿ ಹೊರಟರೆ, ಹೋಗುವವರನ್ನು ನೋಡಿ ಬರುವವರನ್ನು ಊಹಿಸುವ ಖಾನಾವಳಿಯವನ ನ್ಯಾಯದಿಂದ ವಸಂತವನ್ನು ಅನುಮಾನಿಸಬಹುದು.

ನಾಲ್ಕನೆಯದಾದ ಉಪಮಾನವು ಅಪಾಯಕರ. ವಸಂತದ ಕಂಪು ಹಡಗಲಿಯ ಮಲ್ಲಿಗೆಯಂತಿರುತ್ತದೆಂದು ಹೇಳಿಸಿಕೊಂಡ ವಟುವೊಬ್ಬನು ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಆ ಪರಿಮಳವನ್ನು ಆಘ್ರಾಣಿಸಿ ‘ಬಂದಿತು ವಸಂತ’ ಎಂದು ಕೂಗಿದರೆ, ಬಂದದ್ದು ಹಡಗಲಿಯ ಬಸ್ಸು.

ಐದನೆಯದಾದ ಅರ್ಥಾಪತ್ತಿಯೇ ನಮಗೆ ಪರಮಪ್ರಿಯ. ದಪ್ಪಗಿರುವ ದೇವದತ್ತನು ಹಗಲು ಉಣ್ಣುವುದಿಲ್ಲವಾದರೆ ರಾತ್ರಿ ಉಣ್ಣುತ್ತಾನೆಂಬುದು ಮೀಮಾಂಸಕರ ಪ್ರಸಿದ್ಧ ದೃಷ್ಟಾಂತ. ಅಂತೆಯೇ, ಓಣಿಯ ನಳದಲ್ಲಿ ಎಂಟು ದಿನಗಳಿಂದ ನೀರು ಬಾರದಿದ್ದರೂ ಪಕ್ಕದ ಮನೆಯ ಹಾಗಲಬಳ್ಳಿಯು ಕೊಬ್ಬಿ ಚಪ್ಪರವೇರಿದ್ದರೆ, ಆ ಮನೆಯವರು ನಡುರಾತ್ರಿ ನಳಕ್ಕೆ ಮೋಟಾರು ಹಚ್ಚುತ್ತಾರೆಂದು ಸಿದ್ಧವಾಗುತ್ತದೆ.

ಸಿದ್ಧಾಂತ

ಹೀಗೆ ಪ್ರಮಾಣಗಳೆಲ್ಲವೂ ಪರಸ್ಪರ ಜಗಳವಾಡಿ ದಣಿದ ಮೇಲೆ ಉಳಿಯುವ ಸೂತ್ರವನ್ನು ನಾವೇ ರಚಿಸಿದ್ದೇವೆ: ‘ಜಲಾಭಾವೇ ಸತಿ ಬೀಜವಪನೇಚ್ಛಾ ವಸಂತಃ’. ಎಂದರೆ, ನೀರಿಲ್ಲದಿರುವಾಗ ಬೀಜವೂರುವ ಇಚ್ಛೆ ಯಾವುದುಂಟೋ ಅದೇ ವಸಂತವು. ನೀರಿದ್ದಾಗ ಬಿತ್ತುವುದು ಕೇವಲ ಒಕ್ಕಲುತನವಾದುದರಿಂದ ‘ಜಲಾಭಾವೇ’ ಎಂಬ ವಿಶೇಷಣ. ಊರಿದ್ದೆಲ್ಲ ಮೊಳೆಯಬೇಕೆಂಬ ನಿಯಮವಿಲ್ಲದುದರಿಂದ ‘ಇಚ್ಛಾ’ ಎಂಬ ಪದ. ಮುಂಗಾರು ಮೃಗಶಿರೆಗೆಂದು ಬಲ್ಲ ಬುದ್ಧಿವಂತನೇ ಬೇವು ಹೂಬಿಟ್ಟ ವಾರದಲ್ಲಿ ಗುದ್ದಲಿ ಹಿಡಿದು, ಹಾರೆಗೂ ಬಗ್ಗದ ಕೆಂಪು ನೆಲವನ್ನು ಗೇಣುದ್ದ ಕೆದಕಿ, ತಿಪ್ಪೆಗೊಬ್ಬರ ಬೆರೆಸಿ, ಹಿಂದಿನ ರಾತ್ರಿ ನೆನೆಯಿಟ್ಟ ಹೀರೆಯ ಬೀಜಗಳನ್ನು ಬೆರಳಿನಿಂದ ಒತ್ತಿ, ಪಾತ್ರೆ ತೊಳೆದ ನೀರನ್ನು ಪಾತಿಗೆ ತಿರುಗಿಸುತ್ತಾನೆ. ‘ಬಾವ್ಯಾಗ ಕೊಡ ಮುಳುಗವಲ್ದು, ಪಾತಿ ಮಾಡಾಕ ಹತ್ತೀಯಲ್ಲಪಾ’ ಎಂದು ಬೇಲಿಯಾಚೆಯಿಂದ ಆಕ್ಷೇಪವೆತ್ತುವ ಅಜ್ಜಿಯು ಪೂರ್ವಪಕ್ಷಿಣಿ. ಸೆರಗಿನ ಗಂಟಿನಿಂದ ನಾಲ್ಕು ಕುಂಬಳದ ಬೀಜ ಬಿಚ್ಚಿ ‘ಇವನ್ನೂ ಊರು’ ಎನ್ನುವಾಗ ಆಕೆಯೂ ಸಿದ್ಧಾಂತಕ್ಕೆ ಮತಾಂತರ ಹೊಂದುತ್ತಾಳೆ.

ಬಿತ್ತನೆಯ ವಾರವನ್ನು ಕುರಿತು ಇತಿಹಾಸವೇ ನಿರ್ಣಯ ಕೊಟ್ಟಿದೆ. ಹೊಯ್ಸಳ ಇಮ್ಮಡಿ ಬಲ್ಲಾಳನು ಪಾಂಡ್ಯರ ಉಚ್ಚಂಗಿಯನ್ನು ಗೆದ್ದು ‘ಗಿರಿದುರ್ಗಮಲ್ಲ’, ‘ಶನಿವಾರಸಿದ್ಧಿ’ ಎಂಬ ಬಿರುದುಗಳನ್ನು ಧರಿಸಿದನಾದ್ದರಿಂದ, ಕೋಟೆಯೇ ಬಿದ್ದ ವಾರದಲ್ಲಿ ಹೀರೆ ಏಳದಿರುವುದೇ ಎಂಬ ವಾದವು ನಮಗೆ ಅಖಂಡನೀಯವಾಗಿ ಕಾಣುತ್ತದೆ. ಶನಿವಾರ ಕಚೇರಿಗೆ ಅರ್ಧ ದಿನದ ಬಿಡುವಿರುತ್ತಿತ್ತೆಂಬುದು ಕೇವಲ ಪೋಷಕ ಹೇತು.

ಫಲಶ್ರುತಿ

ಈ ಶಾಸ್ತ್ರವನ್ನು ಶ್ರದ್ಧೆಯಿಂದ ಪಠಿಸುವವನ ಹೀರೆಯು ಫಲಿಸುವುದು. ಹೀರೆಗೆ ಓದು ಬಾರದಾದ್ದರಿಂದ ಅಶ್ರದ್ಧೆಯಿಂದ ಪಠಿಸುವವನದೂ ಫಲಿಸುವುದು. ಪಠಿಸದೆ ಅದೇ ಹೊತ್ತಿನಲ್ಲಿ ಪಾತಿಗೆ ಎರಡು ತಂಬಿಗೆ ನೀರೆರೆದವನಿಗೆ ಇಮ್ಮಡಿ ಫಲ. ಬೇಲಿಯನ್ನು ಕಟ್ಟದೆ ಶಾಸ್ತ್ರವನ್ನು ಮಾತ್ರ ನಂಬಿದವನ ಸಕಲ ಪುಣ್ಯವೂ ನೆರೆಮನೆಯ ಆಡಿಗೆ ಸಲ್ಲುವುದು. ಆಡು ಯಾವ ಪ್ರಮಾಣವನ್ನೂ ಒಪ್ಪದೆ ನೇರವಾಗಿ ಪ್ರಮೇಯವನ್ನೇ ಮೇಯುತ್ತದೆ.