ಒಂದೈದ್ ನಿಮ್ಷ, ಮೇಷ್ಟ್ರೇ!

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಗಣೇಶನನ್ನು ಕೂರಿಸಿರುವ ಯಾವ ಊರಿಗಾದರೂ ಹೋಗಿ ನೋಡಿ. ವೇದಿಕೆಯ ಮೇಲೆ ಹಾಡುವವರಿರುತ್ತಾರೆ, ಕೆಳಗೆ ಕೇಳುವವರಿರುತ್ತಾರೆ. ಇವರಿಬ್ಬರ ನಡುವೆ ಬೆನ್ನು ಬಗ್ಗಿಸಿ, ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು, ಸಭೆಗೆ ತನ್ನ ಹಿಂಭಾಗವನ್ನಷ್ಟೇ ತೋರಿಸುತ್ತ ಒಬ್ಬ ಇರುತ್ತಾನೆ. ಅವನೇ ನಮ್ಮ ವ್ಯಾಟಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಆದರೆ ಮಳೆ, ಬೆಳೆ, ಎಲೆಕ್ಷನ್ನು, ಯಾವ ಮಾತು ಎತ್ತಿದರೂ ಅದನ್ನು ವ್ಯಾಟಿಗೆ ತಂದು ನಿಲ್ಲಿಸುವುದರಿಂದ ಊರು ಅವನಿಗೆ ಈ ನಾಮಕರಣ ಮಾಡಿದೆ.

ನಮ್ಮದು ಹವ್ಯಾಸಿ ವಾದ್ಯಗೋಷ್ಠಿ. ಸಕ್ಕರೆ ಕಾರ್ಖಾನೆಯ ಫಿಟ್ಟರ್ ರಿದಮ್ ಪ್ಯಾಡು ಬಾರಿಸುತ್ತಾನೆ. ಸೊಸೈಟಿಯ ಗುಮಾಸ್ತನದು ಗಿಟಾರು. ರಾಜ್‌ಕುಮಾರ್ ಹಾಡಿಗೆ ಟೈಲರು, ಎಸ್‌ಪಿಬಿ ಹಾಡಿಗೆ ಡೇರಿ ಸೆಕ್ರೆಟರಿ, ಯುಗಳಗೀತೆಗೆ ಅಂಗನವಾಡಿ ಮೇಡಂ. ಮೇಡಂ ಬಾರದ ದಿನ ಎರಡೂ ಕಂಠ ಟೈಲರನದೇ. ಕೀಬೋರ್ಡು ವ್ಯಾಟಣ್ಣನದು. ನಾನು ನಿವೃತ್ತ ಹೈಸ್ಕೂಲು ಮೇಷ್ಟ್ರು; ನನ್ನ ಪಾಲಿಗೆ ಬಂದಿರುವುದು ನಿರೂಪಣೆ. ಬೇರೆ ತಂಡಗಳಲ್ಲಿ ನಿರೂಪಕ ಮುಂದಿನ ಹಾಡು ಯಾವುದೆಂದು ಹೇಳುತ್ತಾನೆ. ನಮ್ಮಲ್ಲಿ ಅವನ ಕೆಲಸ, ವ್ಯಾಟಣ್ಣ ಆಂಪ್ಲಿಫೈಯರ್ ಸರಿಮಾಡುವವರೆಗೆ ಜನ ಎದ್ದುಹೋಗದಂತೆ ಕಾಯುವುದು.

“ಒಂದೈದ್ ನಿಮ್ಷ ಮೇಷ್ಟ್ರೇ, ಏನಾರ ಮಾತಾಡ್ತಿರಿ” ಎನ್ನುತ್ತಾನೆ, ತಲೆ ಎತ್ತದೆ.

ಆ ಐದೈದು ನಿಮಿಷಗಳಲ್ಲಿ ನಾನು ನಾಲ್ಕೂ ತಾಲ್ಲೂಕುಗಳ ಚರಿತ್ರೆಯನ್ನು ಒಪ್ಪಿಸಿದ್ದೇನೆ. ಪಾಂಡವಪುರವಾದರೆ, ಅದು ಹಿಂದೆ ಹಿರೋಡೆಯಾಗಿತ್ತು, ಹೈದರ್ ಮತ್ತು ಟಿಪ್ಪುವಿನ ಕಡೆಯ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಅನ್ನಿಸಿಕೊಂಡಿತು ಎನ್ನುತ್ತೇನೆ. ಇನ್ನೂ ಸೌಂಡು ಬಾರದಿದ್ದರೆ ಮೇಲುಕೋಟೆ ಬೆಟ್ಟ ಹತ್ತಿ, 1905ರಲ್ಲಿ ಅಲ್ಲಿ ಹುಟ್ಟಿದ ಪು.ತಿ.ನ. ಅವರ ಗೀತನಾಟಕಗಳಿಗೆ ಕೈಹಾಕುತ್ತೇನೆ. ಕೆ.ಆರ್. ಪೇಟೆಯಾದರೆ ಅತ್ತಿಕುಪ್ಪೆ ಎಂಬ ಹಳೆಯ ಹೆಸರಿನಿಂದ ಹೊರಟು, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರನ್ನು ಮಾತಾಡಿಸಿಕೊಂಡು, ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಬಳಿ ಕೂರುತ್ತೇನೆ. ಅವರು 1942ರಲ್ಲಿ ತಂದ ‘ಮೈಸೂರ ಮಲ್ಲಿಗೆ’ ಸಣ್ಣ ಪುಸ್ತಕ; ಅದರ ಬಗ್ಗೆ ನಾನು ಆಡಿದ ಮಾತನ್ನೆಲ್ಲ ಅಚ್ಚು ಹಾಕಿಸಿದರೆ ದೊಡ್ಡ ಪುಸ್ತಕವಾದೀತು. ನಾಗಮಂಗಲದಲ್ಲಿ, ಅದೇ ತಾಲ್ಲೂಕಿನಲ್ಲಿ ಹುಟ್ಟಿ ರಾಮನಗರದಲ್ಲಿ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ಕೈಹಿಡಿಯುತ್ತಾರೆ. “ಮೇಷ್ಟ್ರೇ, ಹೋದ್ ವರ್ಸಾನೂ ಇದೇ ಏಳುದ್ರಿ” ಎಂದು ಹಿಂದಿನಿಂದ ಯಾರೋ ಕೂಗುತ್ತಾರೆ. ಹೋದ ವರ್ಷವೂ ಸೌಂಡು ಬಂದಿರಲಿಲ್ಲವಲ್ಲಪ್ಪ!

ಈ ಉಪನ್ಯಾಸಗಳಲ್ಲಿ ವ್ಯಾಟಣ್ಣ ಕಿವಿಗೊಟ್ಟು ಕೇಳಿದ್ದು ಟಿಪ್ಪುವಿನ ಹುಲಿಯ ಕಥೆಯೊಂದನ್ನೇ. ಶ್ರೀರಂಗಪಟ್ಟಣದಲ್ಲಿ ಅಂದು ನಾನು ಹೇಳುತ್ತಿದ್ದೆ: ಸಿಪಾಯಿಯ ಮೇಲೆ ಬಿದ್ದ ಮರದ ಹುಲಿ, ಹೊಟ್ಟೆಯೊಳಗೆ ತಿದಿಯಿಂದ ನುಡಿಯುವ ಆರ್ಗನ್ನು, ಹಿಡಿ ತಿರುಗಿಸಿದರೆ ಗರ್ಜನೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಇಂಗ್ಲಿಷರು ಅದನ್ನು ಲಂಡನ್ನಿಗೆ ಹೊತ್ತೊಯ್ದು ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿಟ್ಟರು. ನೋಡಲು ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಅಲ್ಲಿಯೇ ಲೈಬ್ರರಿಯಲ್ಲಿ ಓದುವವರಿಗೆ ತಲೆ ಚಿಟ್ಟು ಹಿಡಿಸಿದರು. ಕೊನೆಗೆ ಹಿಡಿಯೇ ಕಳೆದುಹೋಯಿತು. ಓದುವವರು ನಿಟ್ಟುಸಿರು ಬಿಟ್ಟರು. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಇಷ್ಟು ಹೇಳುವಷ್ಟರಲ್ಲಿ ಆಂಪ್ಲಿಫೈಯರಿನ ಹಿಂದಿನಿಂದ ತಲೆ ಮೇಲೆದ್ದಿತು: “ಇಡಿ ಕಳ್ದಾಕ್ಬುಟ್ರಾ? ತಿದಿ ಚರ್ಮಕ್ಕೆ ಎಣ್ಣೆನಾರ ಬುಡ್ತಿದ್ರಾ? ಇಂಗ್ಲೆಂಡ್ನೋರ್ಗೆ ಮೇಂಟೇನೆನ್ಸ್ ಗೊತ್ತಿಲ್ಲ ಬುಡಿ ಮೇಷ್ಟ್ರೇ.” ಟಿಪ್ಪು ಸತ್ತ ದುಃಖಕ್ಕಿಂತ ಆ ಹಿಡಿ ಕಳೆದ ದುಃಖ ಅವನಿಗೆ ದೊಡ್ಡದು.

ಮೇಂಟೇನೆನ್ಸ್ ಎಂದರೆ ಅವನಿಗೆ ಮಡಿ. ಕೀಬೋರ್ಡಿಗೆ ಹೊದಿಸಿರುವುದು ಹೆಂಡತಿಯ ಧಾರೆ ಸೀರೆ. ಅದರೊಳಗೆ ನಾಲ್ಕಾರು ಮನೆಗಳ ಹೊಸ ಚಪ್ಪಲಿ ಡಬ್ಬಗಳಿಂದ ಬೇಡಿ ತಂದ ಸಿಲಿಕಾ ಜೆಲ್ ಪೊಟ್ಟಣಗಳು. ನಾಲೆ ಬಯಲಿನ ತೇವ ಅವನ ಮೊದಲ ವೈರಿ. ಎರಡನೆಯದು ಆಲೆಮನೆ: ಬೆಲ್ಲದ ವಾಸನೆಗೆ ಬಂದ ಇರುವೆ ಆಂಪ್ಲಿಫೈಯರಿನ ಬೆಚ್ಚಗಿನ ಹೊಟ್ಟೆಯಲ್ಲಿ ಸಂಸಾರ ಹೂಡುತ್ತದೆ, ಇರುವೆಯ ಹಿಂದೆ ಹಲ್ಲಿ ಬರುತ್ತದೆ. ಹಲ್ಲಿ ಬಿದ್ದರೆ ಶಕುನ ನೋಡುವುದು ಲೋಕರೂಢಿ; ವ್ಯಾಟಣ್ಣ ಫ್ಯೂಸ್ ನೋಡುತ್ತಾನೆ. ಕೇಬಲ್ಲನ್ನು ಮೊಳಕೈಗೆ ಸುತ್ತುವವನನ್ನು ಕಂಡರೆ ಅವನಿಗೆ ಮೈ ಉರಿಯುತ್ತದೆ. ತಂತಿಗೂ ಒಂದು ಹುಟ್ಟುಗುಣದ ಸುರುಳಿಯಿದೆ, ಒಂದು ಸುತ್ತು ಮೇಲಿಂದ, ಒಂದು ಸುತ್ತು ಕೆಳಗಿಂದ ಬರಬೇಕು ಎಂದು ಫಿಟ್ಟರನಿಗೆ ಪಾಠ ಹೇಳಿ ಹೇಳಿ ಇಬ್ಬರಿಗೂ ಮಾತು ಬಿಟ್ಟುಹೋಗಿದೆ. ಆಯುಧಪೂಜೆಯ ದಿನ ಮನೆಯವರು ಅರಿಸಿನ ಕುಂಕುಮ ಹಿಡಿದು ಬಂದರೆ, ಆಂಪ್ಲಿಫೈಯರಿನ ಮೇಲೆ ಬಿಳಿ ಹಾಳೆ ಅಂಟಿಸಿ “ಇದರ ಮೇಲೆ ಇಡಿ” ಎನ್ನುತ್ತಾನೆ. ಹಬ್ಬ ಮುಗಿದ ಮೇಲೆ ಹಾಳೆಯನ್ನು ಕಣ್ಣಿಗೊತ್ತಿಕೊಂಡು ಕಿತ್ತಿಡುತ್ತಾನೆ.

ವ್ಯಾಟಿನ ಉಪನಿಷತ್ತನ್ನು ನಾನು ಬಾಯಿಪಾಠ ಒಪ್ಪಿಸಬಲ್ಲೆ. ನೂರು ವ್ಯಾಟು ತೆಗೆದು ಇನ್ನೂರು ಹಾಕಿದರೆ ಸದ್ದು ದುಪ್ಪಟ್ಟಾಗುವುದಿಲ್ಲ, ಬರೀ ಮೂರು ಡೆಸಿಬೆಲ್ ಏರುತ್ತದೆ. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸಾವಿರ ವ್ಯಾಟು ಬೇಕು. ಇದನ್ನು ಅವನು ಮದುವೆ ಮನೆಯಲ್ಲಿ ಸಾರು ಬಡಿಸುವವನನ್ನು ನಿಲ್ಲಿಸಿಕೊಂಡು ಹೇಳಿದ್ದಾನೆ, ತಿಥಿ ಮನೆಯಲ್ಲೂ ಹೇಳಿದ್ದಾನೆ. ಮಗಳಿಗೆ ಗಂಡು ನೋಡಲು ಹೋದಾಗ ಹುಡುಗ ಎಲೆಕ್ಟ್ರಿಕಲ್ ಓದಿದವನೆಂದು ತಿಳಿಯಿತು. ಸಂಬಳ ಎಷ್ಟು, ಜಮೀನು ಎಷ್ಟು ಎಂದು ಕೇಳುವುದು ಬಿಟ್ಟು, ಎಂಟು ಓಮಿನ ಔಟ್‌ಪುಟ್ಟಿಗೆ ನಾಲ್ಕು ಓಮಿನ ಸ್ಪೀಕರ್ ಕೊಟ್ಟರೆ ಏನಾಗುತ್ತದೆ ಎಂದು ಕೇಳಿದ. ಹುಡುಗ “ಆಂಪ್ಲಿಫೈಯರ್ ಬಿಸಿಯಾಗುತ್ತೆ ಮಾವ” ಎಂದ. ಮದುವೆ ನಿಶ್ಚಯವಾಯಿತು.

ಇಷ್ಟನ್ನೂ ಸಹಿಸಬಹುದು. ಸಹಿಸಲಾಗದ್ದು ಗುಂಯ್.

ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಊರು. ಏಳು ಗಂಟೆಗೆ ಕಾರ್ಯಕ್ರಮ ಶುರುವಾಗಬೇಕು. ಸ್ವಿಚ್ ಹಾಕಿದೊಡನೆ ಸ್ಪೀಕರಿನೊಳಗಿಂದ ಗುಂಯ್ ಎಂದು ಸದ್ದು. ನಮಗ್ಯಾರಿಗೂ ಅದು ಅಷ್ಟಾಗಿ ಕೇಳಿಸಲಿಲ್ಲ. ವ್ಯಾಟಣ್ಣನ ಮುಖ ಮಾತ್ರ ಸಾವಿನ ಸುದ್ದಿ ಕೇಳಿದಂತಾಯಿತು. “ಒಂದೈದ್ ನಿಮ್ಷ ಮೇಷ್ಟ್ರೇ.” ನಾನು ಅತ್ತಿಕುಪ್ಪೆಯಿಂದ ಹೊರಟೆ. ಅವನು ಮೈಕು ಕಿತ್ತ, ಗುಂಯ್ ಹೋಗಲಿಲ್ಲ. ಗಿಟಾರು ಕಿತ್ತ, ಹೋಗಲಿಲ್ಲ. “ಅರ್ತಿಂಗ್ ಸರಿಯಿಲ್ಲ” ಎಂದು ತೀರ್ಪಾಯಿತು. ಅರಳಿಕಟ್ಟೆಯ ಪಕ್ಕ ಹಾರೆ ನೆಟ್ಟು ತಂತಿ ಕಟ್ಟಿದ. ಅಂಗಡಿಯಿಂದ ಉಪ್ಪು ತರಿಸಿ, ಬಕೆಟ್ಟಿನಲ್ಲಿ ಕದಡಿ, ಹಾರೆಯ ಬುಡಕ್ಕೆ ಹೊಯ್ಯಿಸಿದ. ಅಷ್ಟರಲ್ಲಿ ನಾನು ಕಿಕ್ಕೇರಿ ತಲುಪಿದ್ದೆ. ಗುಂಯ್ ಅರ್ಧಕ್ಕೆ ಇಳಿಯಿತು. ವ್ಯಾಟಣ್ಣನ ಛಲ ಇಮ್ಮಡಿಯಾಯಿತು. ಕರೆಂಟಿನ ಬಗ್ಗೆ ಏನಾದರೂ ಹೇಳೋಣವೆಂದು, 1902ರಲ್ಲೇ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಗಿತ್ತು ಎಂದೆ. “ಅಂಗಾರೆ ಈ ಪೆಂಡಾಲ್‌ಗೆ ಯಾವಾಗ ಬತ್ತದೆ?” ಎಂದಿತು ಮುಂದಿನ ಸಾಲು.

ಕೊನೆಗೆ ಅವನಿಗೆ ಹೊಳೆಯಿತು: ಕೇಡಿನ ಮೂಲ ಪೆಂಡಾಲಿನ ಸೀರಿಯಲ್ ಸೆಟ್ಟು. ಯಾರನ್ನೂ ಕೇಳದೆ ಆರಿಸಿದ. ಗುಂಯ್ ನಿಂತಿತು. ಅದರ ಜೊತೆಗೆ ಗಣೇಶನೂ ಕತ್ತಲೆಯಲ್ಲಿ ಮಾಯವಾದ. “ಆಹಾ, ಕೇಳಿ ಮೇಷ್ಟ್ರೇ ಸೈಲೆನ್ಸು!” ಎಂದು ಕತ್ತಲೆಯಲ್ಲಿ ಅವನ ಆನಂದಬಾಷ್ಪದ ದನಿ, ಅದರ ಬೆನ್ನಿಗೇ ಸಮಿತಿ ಅಧ್ಯಕ್ಷರ ದನಿ: “ಲೈಟಿಂಗ್ಸ್‌ಗೆ ದುಡ್ ಕೊಟ್ಟಿರೋದು ಆರ್ಸಕಲ್ಲ, ಆಕ್ಲಾ ಸ್ವಿಚ್ಚ!” ಲೈಟು ಬಂತು. ಗುಂಯ್ ಬಂತು. ನನ್ನ ಬಳಿ ತಾಲ್ಲೂಕಿನ ಚರಿತ್ರೆ ಮುಗಿದುಹೋಗಿತ್ತು.

ಆಗ ಎದ್ದುನಿಂತವರು, ಕುರುಕ್ಷೇತ್ರ ನಾಟಕ ಕಲಿಸುತ್ತ ಊರೂರು ಸುತ್ತಿ ಹಣ್ಣಾದ ಹಾರ್ಮೋನಿಯಂ ಮೇಷ್ಟ್ರು. ಕಿವಿಗೆ ಕೈಯಿಟ್ಟು ಆಲಿಸಿ, “ಏನ್ಲಾ ಅದುನ್ನ ಓಡುಸ್ತಾ ಕುಂತಿದ್ದೀಯೆ? ಐದ್ ಮನೆ ಶ್ರುತಿ ಕಣ್ಲಾ ಅದು, ಒಂದೆಳೆ ಮೇಲೈತೆ ಅಷ್ಟೆ. ಪುಕ್ಸಟ್ಟೆ ಶ್ರುತಿ ಸಿಕ್ಕದೆ, ಇಡ್ಕಂಡು ಆಡ್ರುಲಾ!” ಎಂದರು. ವ್ಯಾಟಣ್ಣ ಬೆರಳು ಮಡಿಚಿ ಲೆಕ್ಕ ಹಾಕಿದ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತದೆ. ಕೀಬೋರ್ಡಿನವರು ಜಿ ಎನ್ನುವ ಸ್ವರಕ್ಕಿಂತ ಅದು ಕೂದಲೆಳೆ ಮೇಲೆ. ಜಿ ಎಂದರೆ ಐದನೇ ಮನೆ. ಮುದುಕರ ಕಿವಿ ಮೀಟರಿನ ಹಾಗೆ ನಿಖರ! ಕೀಬೋರ್ಡಿನ ಟ್ಯೂನಿಂಗನ್ನು ಆ ಎಳೆಯಷ್ಟು ಏರಿಸಿದ. ಟೈಲರು ವಿದ್ಯುತ್ ನಿಗಮದ ತಂಬೂರಿಗೆ ದನಿಗೂಡಿಸಿದ. ಅವನು ಅಷ್ಟು ಶ್ರುತಿಬದ್ಧವಾಗಿ ಹಾಡಿದ್ದನ್ನು ಅದಕ್ಕೆ ಮುಂಚೆಯೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಮೂರನೇ ಹಾಡಿಗೆ ಹತ್ತು ಗಂಟೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಅದನ್ನು ನೆನಪಿಸಲು ಪೇದೆ ಆಗಲೇ ಬಂದು ನಿಂತಿದ್ದರು. “ಇವತ್ತು ಸೌಂಡು ಒಸಿ ಪರವಾಗಿಲ್ಲ” ಎಂದು ವ್ಯಾಟಣ್ಣ ಕೇಬಲ್ ಸುತ್ತತೊಡಗಿದ.

ಬೇರೆಯವರ ಕಾರ್ಯಕ್ರಮಕ್ಕೂ ಬರುತ್ತಾನೆ. ಶ್ರೀರಂಗಪಟ್ಟಣದ ದಸರೆಗೆ ನನ್ನನ್ನು ಕರೆದುಕೊಂಡು ಹೋಗಿ, ಗಾಯಕರಿಗೆ ಬೆನ್ನುಮಾಡಿ ಇಡೀ ಸಂಜೆ ಮಿಕ್ಸರನ್ನೇ ನೋಡಿದ. ಹೇಗಿತ್ತಣ್ಣ ಎಂದರೆ “ಮೂವತ್ತೆರಡು ಚಾನಲ್ಲು” ಎಂದ. ಅವನ ಬಾಯಿ ಕಟ್ಟಿದ್ದು ಒಂದೇ ಸಲ, ನಾಗಮಂಗಲದ ಕಡೆಯ ಒಂದು ಜಾತ್ರೆಯಲ್ಲಿ. ಕರೆಂಟು ಹೋಯಿತು, ನಮ್ಮ ಆಂಪ್ಲಿಫೈಯರ್ ಕಣ್ಣು ಮುಚ್ಚಿತು. ಪಕ್ಕದಲ್ಲಿ ತಮಟೆಯವರು ಒಂದು ಹಿಡಿ ಹುಲ್ಲಿಗೆ ಬೆಂಕಿ ಕೊಟ್ಟು, ಚರ್ಮ ಕಾಯಿಸಿ, ಬೆರಳಲ್ಲಿ ಮೀಟಿ ನೋಡಿ, ಬಾರಿಸಲು ನಿಂತರು. ಎದೆಗೂಡು ಅದುರಿತು. ವ್ಯಾಟಣ್ಣ ನೋಡುತ್ತಲೇ ಇದ್ದು ಕೊನೆಗೆ, “ಇದೇ ಮೇಷ್ಟ್ರೇ ಮೇಂಟೇನೆನ್ಸು. ಒಂದ್ ಬೆಂಕಿಕಡ್ಡಿ ಖರ್ಚು” ಎಂದ.

ಈಗ ನಮ್ಮನ್ನು ಕರೆಯುವವರು ಕಡಿಮೆ. ಟ್ರ್ಯಾಕ್ಟರಿನ ತುಂಬ ಬಾಕ್ಸು ಹೇರಿಕೊಂಡು ಡಿಜೆ ಬರುತ್ತದೆ. ಪೆನ್‌ಡ್ರೈವ್ ಚುಚ್ಚಿದರೆ ಶುರು. ಗುಂಯ್ ಇಲ್ಲ, ಹಾರೆ ಇಲ್ಲ, ಉಪ್ಪಿನ ನೀರಿಲ್ಲ. ಟೈಲರು ಕರೋಕೆ ಹಾಕಿಕೊಂಡು ಅಂಗಡಿಯಲ್ಲಿ ಒಬ್ಬನೇ ಹಾಡುತ್ತಾನೆ. ಗುಮಾಸ್ತನ ಗಿಟಾರು ಅಟ್ಟದ ಮೇಲಿದೆ. ನಿರೂಪಕನಂತೂ ಯಾರಿಗೂ ಬೇಡ. ಬೇಗ ಮಲಗಬಹುದಲ್ಲ ಎಂದು ನಾನು ಖುಷಿಪಡಬೇಕಿತ್ತು.

ಆದರೆ ಒಂದು ಮಾತು. ಮೈಕು ಪರೀಕ್ಷಿಸಲು ವ್ಯಾಟಣ್ಣನಿಗೆ ಯಾರದಾದರೂ ಕಂಠ ಬೇಕಿತ್ತು. ‘ಚೆಕ್, ಚೆಕ್’ ಎಂದು ತನ್ನ ದನಿ ಅವನಿಗೇ ಬೇಸರ ತಂದಾಗ ಎದುರಿಗಿದ್ದವರನ್ನು ಕರೆಯುತ್ತಿದ್ದ. ಮಗ್ಗಿ ಹೇಳಿದ ಹುಡುಗರಿದ್ದಾರೆ, ದುರ್ಯೋಧನನ ಕಂದಪದ್ಯ ಎತ್ತಿಕೊಂಡ ಗೌಡರಿದ್ದಾರೆ. ಒಂದೂರಿನಲ್ಲಿ ಒಬ್ಬ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಾಚುತ್ತಲೇ ನಾಟಿ ಪದ ಶುರುಮಾಡಿ, ಸೌಂಡು ಸರಿಹೋದ ಮೇಲೂ ನಿಲ್ಲಿಸಲಿಲ್ಲ. ನಿಲ್ಲಿಸಿ ಎನ್ನುವ ಧೈರ್ಯ ನಮಗಿರಲಿಲ್ಲ, ಮನಸ್ಸೂ ಇರಲಿಲ್ಲ. ನಮ್ಮ ಕಾರ್ಯಕ್ರಮಗಳಲ್ಲಿ ಊರಿಗೆ ನೆನಪಿರುವುದು ನಮ್ಮ ಹಾಡಲ್ಲ, ಆ ಕಾಯುವ ಹೊತ್ತಿನಲ್ಲಿ ಊರೇ ಹಾಡಿಕೊಂಡದ್ದು. ಪೆನ್‌ಡ್ರೈವಿಗೆ ಮೈಕ್ ಟೆಸ್ಟ್ ಬೇಕಾಗಿಲ್ಲ. ಅದಕ್ಕೇ ಆ ಅಜ್ಜಿಗೆ ಈಗ ಮೈಕೂ ಇಲ್ಲ.

ಇದು ಮೇಷ್ಟ್ರ ಬುದ್ಧಿವಾದವಾಯಿತು, ಇರಲಿ. ಗಣೇಶ ಸಮಿತಿಯವರೇ, ಮುಂದಿನ ವರ್ಷ ಒಂದು ದಿನವಾದರೂ ಇಂಥ ಒಂದು ಹವ್ಯಾಸಿ ತಂಡವನ್ನು ಕರೆಯಿರಿ. ಏಳು ಗಂಟೆಯ ಕಾರ್ಯಕ್ರಮವಾದರೆ ಕರಪತ್ರದಲ್ಲಿ ಎಂಟೂವರೆ ಎಂದು ಅಚ್ಚು ಹಾಕಿಸಿ. ಒಂದು ಹಾರೆ, ಎರಡು ಸೇರು ಉಪ್ಪು ಸಿದ್ಧವಾಗಿಟ್ಟಿರಿ. ವೇದಿಕೆಯ ಹಿಂದೆ ಬಗ್ಗಿಕೊಂಡಿರುವವನಿಗೆ ಬಿಸಿ ಬಿಸಿ ಟೀ ಕೊಡಿ. ಎಷ್ಟು ವ್ಯಾಟು ಎಂದು ಮಾತ್ರ, ದಮ್ಮಯ್ಯ, ಕೇಳಬೇಡಿ.