ಇವೆಂಕಿಯಾ ಜಿಲ್ಲಾ ಮೀಮಾಂಸೆ

ಆಡಳಿತಕ್ಕೆ ಇರುವ ತೊಡಕು ಒಂದೇ, ಅದು ಜನ. ಜಿಲ್ಲೆಯಿಂದ ಜನರನ್ನು ಕಳೆದರೆ ಉಳಿಯುವುದೇ ಶುದ್ಧಾಡಳಿತ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಇದನ್ನು ಸಾಧಿಸಿ ತೋರಿಸಲು ಸೈಬೀರಿಯಾದ ನಟ್ಟನಡುವಿನ ಇವೆಂಕಿಯಾ ಜಿಲ್ಲೆಯನ್ನು ಆರಿಸಿಕೊಂಡಿದ್ದೇವೆ. ಕ್ರಾಸ್ನೊಯಾರ್ಸ್ಕ್ ಪ್ರಾಂತ್ಯಕ್ಕೆ ಸೇರಿದ ಇದರ ವಿಸ್ತೀರ್ಣ ಸುಮಾರು 7,63,200 ಚದರ ಕಿ.ಮೀ. ಚಿಲಿ ದೇಶಕ್ಕಿಂತ ತುಸು ಹೆಚ್ಚು, ಟರ್ಕಿಗಿಂತ ತುಸು ಕಡಿಮೆ. 2010ರ ಜನಗಣತಿಯಲ್ಲಿ ಸಿಕ್ಕ ತಲೆಗಳು 16,253. ನಗರವೆಂಬುದು ಒಂದೂ ಇಲ್ಲ, ಎಲ್ಲರೂ ಗ್ರಾಮೀಣರೇ. ಭಾಗಾಕಾರ ಮಾಡಿದರೆ ತಲೆಗೆ 47 ಚದರ ಕಿ.ಮೀ. ಬೀಳುತ್ತದೆ. ಪಕ್ಕದ ಮನೆಯವರು ನಮ್ಮ ಬಾಗಿಲಿಗೆ ಕಸ ಗುಡಿಸಿದರು ಎಂಬ ತಕರಾರಿಗೆ ಇಲ್ಲಿ ಭೌಗೋಳಿಕವಾಗಿಯೇ ಆಸ್ಪದವಿಲ್ಲ.

ಪೂರ್ವಪಕ್ಷಿ ಇಲ್ಲಿ ಬಾಯಿ ಹಾಕುತ್ತಾನೆ: ಜನ ಹಾಗೆ ಸಮನಾಗಿ ಚೆಲ್ಲಿಕೊಂಡಿಲ್ಲ, ಮೂರರಲ್ಲೊಂದು ಪಾಲು ಜಿಲ್ಲಾಕೇಂದ್ರವಾದ ತುರಾದಲ್ಲೇ ಇದ್ದಾರೆ, ಉಳಿದವರಲ್ಲಿ ಬಹಳ ಮಂದಿ ಬೈಕಿತ್ ಮತ್ತು ವನವಾರಾಗಳಲ್ಲಿದ್ದಾರೆ, ಮಿಕ್ಕ ನೆಲವೆಲ್ಲ ಲಾರ್ಚ್ ಮರ ಮತ್ತು ಸೊಳ್ಳೆಗಳದ್ದು ಎಂದು. ಸಮಾಧಾನ: ಸರಾಸರಿ ಹುಟ್ಟಿದ್ದು ಇದ್ದದ್ದನ್ನು ಹೇಳಲಿಕ್ಕಲ್ಲ, ವಾರ್ಷಿಕ ವರದಿಯ ಖಾಲಿ ಕಾಲಂ ತುಂಬಲಿಕ್ಕೆ. ಸೊಳ್ಳೆಗಳನ್ನು ಗಣತಿಗೆ ಸೇರಿಸಿದರೆ ಇವೆಂಕಿಯಾ ಜಗತ್ತಿನ ಅತ್ಯಂತ ಜನನಿಬಿಡ ಜಿಲ್ಲೆಯಾಗುವ ಅಪಾಯವಿರುವುದರಿಂದ ಆ ಚರ್ಚೆಯನ್ನು ಇಲ್ಲಿಗೇ ಕೈಬಿಡುತ್ತೇವೆ.

ಇನ್ನು ಕೇಂದ್ರ ವಿಚಾರ. ದೇಶ ಎಷ್ಟೇ ದೊಡ್ಡದಿರಲಿ, ಅದಕ್ಕೊಂದು ನಡುಮಧ್ಯ ಬೇಕು. ಮೂಲಧಾತುಗಳನ್ನು ಕೋಷ್ಟಕದಲ್ಲಿ ಸಾಲಾಗಿ ಕೂರಿಸಿದ ಮೆಂಡೆಲೀವ್ ಮಹಾಶಯರೇ 1906ರಲ್ಲಿ ರಷ್ಯಾ ಸಾಮ್ರಾಜ್ಯದ ಮಧ್ಯಬಿಂದುವನ್ನು ಲೆಕ್ಕಹಾಕಿ ಓಬ್ ಮತ್ತು ಯೆನಿಸೇ ನದಿಗಳ ನಡುವೆ ಇಟ್ಟಿದ್ದರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಗಡಿಗಳು ಸರಿದವು. ಗಡಿ ಸರಿದರೆ ನಡುವೂ ಸರಿಯಬೇಕಲ್ಲ! ಹೊಸ ಲೆಕ್ಕದಲ್ಲಿ ಅದು ಇವೆಂಕಿಯಾದ ವಿವಿ ಸರೋವರದ ದಂಡೆಗೆ ಬಂದು ಕೂತಿತು. (ಹೆಸರು ಕೇಳಿದೊಡನೆ ಕುಲಪತಿ ಹುದ್ದೆಗೆ ಅರ್ಜಿ ಹಾಕಬಾರದು, ಅದು ಬರೀ ನೀರು.) 1992ರಲ್ಲಿ ಅಲ್ಲೊಂದು ಸ್ತಂಭವನ್ನೂ ನೆಟ್ಟರು. ಸುತ್ತ ಊರಿಲ್ಲ, ದಾರಿಯಿಲ್ಲ, ಹೋಗಬೇಕೆಂದರೆ ಹೆಲಿಕಾಪ್ಟರೇ ಗತಿ. ಕೇಂದ್ರವು ಜನರ ಕೈಗೆ ಸಿಗಬಾರದು ಎಂಬ ಆಡಳಿತಸೂತ್ರ ಇಷ್ಟು ನಿಖರವಾಗಿ, ಅಕ್ಷಾಂಶ ರೇಖಾಂಶ ಸಮೇತ, ಬೇರೆಲ್ಲೂ ಜಾರಿಯಾಗಿಲ್ಲ.

ಆಡಳಿತದ ಇತಿಹಾಸವಂತೂ ಪಿಎಚ್.ಡಿ.ಗೆ ಯೋಗ್ಯ. 1930ರಲ್ಲಿ ಇಲ್ಲಿನ ಮೂಲನಿವಾಸಿಗಳಾದ ಇವೆಂಕಿ ಜನರ ಹೆಸರಿನಲ್ಲಿ ಇದೊಂದು ರಾಷ್ಟ್ರೀಯ ವಲಯವಾಯಿತು, ಆಮೇಲೆ ಸ್ವಾಯತ್ತ ವಲಯವಾಯಿತು. 1993ರ ಸಂವಿಧಾನ ಬಂದಾಗ ಕ್ರಾಸ್ನೊಯಾರ್ಸ್ಕ್ ಪ್ರಾಂತ್ಯದ ಒಳಗೇ ಇದ್ದುಕೊಂಡು, ಅದೇ ಪ್ರಾಂತ್ಯಕ್ಕೆ ಸರಿಸಮನಾದ ಒಕ್ಕೂಟದ ಘಟಕವೂ ಆಯಿತು. ಅಪ್ಪನ ಮನೆಯಲ್ಲೇ ಬೇರೆ ಒಲೆ ಹೂಡಿದ ಮಗ ಪಾಲುಪಟ್ಟಿಯಲ್ಲಿ ಅಪ್ಪನ ಪಕ್ಕವೇ ಸಹಿ ಹಾಕಿದಂತೆ. 2002ರ ಗಣತಿಯಲ್ಲಿ 17,697 ಮಂದಿಯಿದ್ದ ಈ ಘಟಕಕ್ಕೆ ಮಾಸ್ಕೋದ ಮೇಲ್ಮನೆಯಲ್ಲಿ ಎರಡು ಕುರ್ಚಿ. ಒಂದು ಕೋಟಿ ಜನರ ಮಾಸ್ಕೋ ನಗರಕ್ಕೂ ಎರಡೇ. 2005ರ ಏಪ್ರಿಲ್‌ನಲ್ಲಿ ಜನಮತ ಪಡೆದು, 2007ರ ಜನವರಿ 1ರಂದು ಇದನ್ನು ಮತ್ತೆ ಪ್ರಾಂತ್ಯದೊಳಕ್ಕೆ ಮಡಚಿ ಇಟ್ಟರು. ಒಳಗಿದ್ದ ಮೂರು ಜಿಲ್ಲೆಗಳು ಸೇರಿ ಒಂದೇ ಜಿಲ್ಲೆಯಾದವು. ನದಿಗಳು ಇದ್ದಲ್ಲೇ ಇದ್ದವು, ಹಿಮಸಾರಂಗಗಳು ಮೇಯುವುದನ್ನು ನಿಲ್ಲಿಸಲಿಲ್ಲ. ಬದಲಾದದ್ದು ನಾಮಫಲಕ, ಮೊಹರು ಮತ್ತು ಲೆಟರ್‌ಹೆಡ್. ಆಡಳಿತ ಸುಧಾರಣೆ ಎಂದರೆ ಇನ್ನೇನು?

ಮಾರ್ಗ ಪ್ರಕರಣದಲ್ಲಿ ನಮ್ಮ ಲೋಕೋಪಯೋಗಿ ವಿದ್ವಾಂಸರು ಕಲಿಯಬೇಕಾದದ್ದು ಬಹಳವಿದೆ. ತುರಾಕ್ಕೆ ರೈಲಿಲ್ಲ, ಸರ್ವಋತು ರಸ್ತೆಯೂ ಇಲ್ಲ. ಚಳಿ ಮೈನಸ್ 40, 50ಕ್ಕೆ ಇಳಿದಾಗ ಹೆಪ್ಪುಗಟ್ಟಿದ ನದಿ ಮತ್ತು ಜೌಗಿನ ಮೇಲೆಯೇ ಹಾದಿ ಮಾಡಿ ಲಾರಿ ಓಡಿಸುತ್ತಾರೆ. ಇದಕ್ಕೆ ಜಿಮ್ನಿಕ್ ಎನ್ನುತ್ತಾರೆ. ವಸಂತದಲ್ಲಿ ಇಡೀ ಹೆದ್ದಾರಿ ಕರಗಿ ಹರಿದುಹೋಗುತ್ತದೆ. ಕಳಪೆ ಕಾಮಗಾರಿಯ ತನಿಖೆಗೆ ಬಂದ ತಂಡಕ್ಕೆ ತನಿಖೆ ಮಾಡಲು ರಸ್ತೆಯೇ ಸಿಗುವುದಿಲ್ಲ. ಗುತ್ತಿಗೆದಾರರ ಕುಲಕ್ಕೆ ಇದಕ್ಕಿಂತ ದೊಡ್ಡ ವರವನ್ನು ಯಾವ ದೇವರೂ ಕೊಟ್ಟಿಲ್ಲ. ಮಂಜುಗಡ್ಡೆ ಒಡೆದ ಮೇಲೆ ಕೆಳ ತುಂಗುಸ್ಕಾ ನದಿ ಕೆಲವು ವಾರ ಮಾತ್ರ ತುಂಬಿ ಹರಿಯುತ್ತದೆ. ವರ್ಷದ ಡೀಸೆಲ್, ಕಲ್ಲಿದ್ದಲು, ಹಿಟ್ಟು ಎಲ್ಲ ಅಷ್ಟರೊಳಗೆ ದೋಣಿಯೇರಿ ಬರಬೇಕು. ಮಿಕ್ಕ ಕಾಲಕ್ಕೆ ಸುಮಾರು ಸಾವಿರ ಕಿ.ಮೀ. ದೂರದ ಕ್ರಾಸ್ನೊಯಾರ್ಸ್ಕ್‌ನಿಂದ ವಿಮಾನ.

ಹಾಗೆಂದು ಇಲ್ಲಿ ಸರ್ವಋತು ಮಾರ್ಗವೇ ಇಲ್ಲವೆನ್ನಲಾಗದು. ಜಿಲ್ಲೆಯ ದಕ್ಷಿಣದ ಕುಯುಂಬಾದಿಂದ ತೈಷೆಟ್‌ವರೆಗೆ ಸುಮಾರು 700 ಕಿ.ಮೀ. ಉದ್ದದ ಕೊಳವೆ ಮಾರ್ಗ 2017ರಿಂದ ಕಚ್ಚಾತೈಲವನ್ನು ಸಾಗಿಸುತ್ತಿದೆ. ತೈಲಕ್ಕೆ ಹೊರಹೋಗಲು ದಾರಿಯಿದೆ, ಜನರಿಗೆ ಏಕಿಲ್ಲ ಎಂದು ಕೇಳುವವರು ಒಂದನ್ನು ಗಮನಿಸಬೇಕು: ತೈಲ ವಾಪಸ್ ಟಿಕೆಟ್ ಕೇಳುವುದಿಲ್ಲ.

ರಸ್ತೆ, ದೋಣಿ, ವಿಮಾನ ಯಾವುದನ್ನೂ ಕಾಯದೆ ಓಡಾಡಿಕೊಂಡಿದ್ದವರು ಇವೆಂಕಿಗಳೇ. ಅವರು ಹಿಮಸಾರಂಗದ ಮೇಲೆ ಸವಾರಿ ಮಾಡುತ್ತಾರೆ. ಅದರ ಬೆನ್ನು ಭಾರ ತಾಳದು, ಹಾಗಾಗಿ ಜೀನನ್ನು ಹೆಗಲಿನ ಮೇಲೆ ಬಿಗಿಯುತ್ತಾರೆ. ಸವಾರನಿಗೆ ರಿಕಾಪು ಇಲ್ಲ, ಕೈಯಲ್ಲೊಂದು ಕೋಲಷ್ಟೆ. ಹತ್ತುವಾಗ ಊರಲಿಕ್ಕೂ ಅದೇ, ತೂಕ ತಪ್ಪಿದಾಗ ಆಸರೆಗೂ ಅದೇ. ದಾಸ್ತಾನನ್ನು ಕರಡಿಗೆ ಎಟುಕದಂತೆ ಎತ್ತರದ ಕಂಬಗಳ ಮೇಲೆ ಅಟ್ಟ ಕಟ್ಟಿ ಇಡುತ್ತಾರೆ. ಬೀಗವಿಲ್ಲ, ಕಾವಲಿಲ್ಲ, ದಾಸ್ತಾನು ಪುಸ್ತಕವಿಲ್ಲ. ಇಂಥ ಉಗ್ರಾಣದಲ್ಲಿ ಸೋರಿಕೆಯನ್ನು ಯಾವ ಶೀರ್ಷಿಕೆಯಡಿ ತೋರಿಸುವುದು ಎಂದು ಲೆಕ್ಕಪರಿಶೋಧಕರು ಕಂಗಾಲಾದಾರು.

ಜಿಲ್ಲಾಕೇಂದ್ರವನ್ನೇ ನೀರಿನಡಿ ಇಡುವ ಯೋಜನೆಯೂ ಒಂದಿತ್ತು. ಕೆಳ ತುಂಗುಸ್ಕಾಕ್ಕೆ ಭಾರಿ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವುದು, ಹಿನ್ನೀರಿನಲ್ಲಿ ತುರಾ ಮುಳುಗುವುದು. ಸೋವಿಯತ್ ಕಾಲದ ಕೊನೆಯಲ್ಲೊಮ್ಮೆ, ಈ ಶತಮಾನದಲ್ಲೊಮ್ಮೆ ಅದು ತಲೆಯೆತ್ತಿ ಕಾಗದದಲ್ಲೇ ಉಳಿಯಿತು. ಕಚೇರಿಗಳೇ ಮುಳುಗುವಾಗ ಪರಿಹಾರದ ಅರ್ಜಿಯನ್ನು ಸ್ವೀಕರಿಸುವವರು ಯಾರೆಂಬ ಪ್ರಶ್ನೆ ಬಹುಶಃ ಎದ್ದಿರಬೇಕು.

ಕೊನೆಯದಾಗಿ ಸ್ಥಳಪರಿಶೀಲನಾ ಪ್ರಕರಣ. 1908ರ ಜೂನ್ 30ರ ಬೆಳಿಗ್ಗೆ ವನವಾರಾದಿಂದ ಸುಮಾರು 65 ಕಿ.ಮೀ. ದೂರದಲ್ಲಿ ಆಕಾಶ ಸಿಡಿದು ಸುಮಾರು 2,150 ಚದರ ಕಿ.ಮೀ. ಕಾಡು ಮಲಗಿತು. ವನವಾರಾದಲ್ಲಿ ಮನೆಜಗಲಿಯ ಮೇಲೆ ಕೂತಿದ್ದವನೊಬ್ಬ ಮೈಮೇಲಿನ ಅಂಗಿಗೇ ಬೆಂಕಿ ಬಿದ್ದಂತಾಗಿ, ಎಗರಿ ಆಚೆ ಬಿದ್ದ. ಸ್ಥಳಕ್ಕೆ ಮೊದಲ ವೈಜ್ಞಾನಿಕ ತಂಡ ತಲುಪಿದ್ದು 1927ರಲ್ಲಿ. ನಡುವೆ ಒಂದು ಮಹಾಯುದ್ಧ, ಎರಡು ಕ್ರಾಂತಿ, ಒಂದು ಅಂತರ್ಯುದ್ಧ ಮುಗಿದಿದ್ದವು ಎಂಬುದನ್ನು ಗಮನಿಸಿದರೆ ಹತ್ತೊಂಬತ್ತು ವರ್ಷವನ್ನು ವಿಳಂಬ ಎನ್ನುವುದು ದುರುದ್ದೇಶದ ಮಾತು. ಸಿಡಿದದ್ದು ಉಲ್ಕೆಯೇ ಎಂದು ನಂಬಿದ್ದ ತಂಡದ ಮುಖ್ಯಸ್ಥ ಲಿಯೊನಿದ್ ಕುಲಿಕ್ ಅದು ಬಿದ್ದ ಕುಳಿಯನ್ನು ಹುಡುಕಿದರು. ಸುತ್ತಲಿನ ಮರಗಳೆಲ್ಲ ಬೇರು ಮೇಲಾಗಿ ಮಲಗಿದ್ದರೆ, ಸ್ಫೋಟದ ನೇರ ಕೆಳಗಿನವು ಮಾತ್ರ ಕೊಂಬೆ ಕಳಕೊಂಡು ಟೆಲಿಗ್ರಾಫ್ ಕಂಬಗಳಾಗಿ ನಿಂತಿದ್ದವು. ಇಲಾಖೆಗೆ ತಂತಿ ಎಳೆಯುವ ಕೆಲಸವಷ್ಟೇ ಬಾಕಿ. ಕುಳಿ ಇರಬಹುದೆಂಬ ಗುಮಾನಿಯ ಮೇಲೆ ಮುಂದೆ ಒಂದು ಜೌಗು ಗುಂಡಿಯ ನೀರನ್ನು ಕಾಲುವೆ ತೋಡಿ ಹೊರಹಾಕಿಸಿದರು. ತಳದಲ್ಲಿ ಸಿಕ್ಕಿದ್ದು ಉಲ್ಕೆಯಲ್ಲ, ಹಳೆಯ ಮರದ ಬೊಡ್ಡೆ. ಮೇಲಿಂದ ಏನಾದರೂ ಬಂದು ಅಪ್ಪಳಿಸಿದ್ದರೆ ಬೊಡ್ಡೆ ಅಲ್ಲಿ ಇರುತ್ತಲೇ ಇರಲಿಲ್ಲ. ಆರೋಪಿ ನಾಪತ್ತೆ, ಸಾಕ್ಷಿ ಮಾತ್ರ ಬೇರು ಬಿಟ್ಟು ಕೂತಿದೆ ಎಂದು ಷರಾ ಬರೆದು ಪಂಚನಾಮೆ ಮುಗಿಸಬಹುದಿತ್ತು. ಆದರೆ ವಿಜ್ಞಾನಿಗಳಿಗೆ ಷರಾ ಬರೆಯುವ ತರಬೇತಿಯಿಲ್ಲ, ಅವರಿನ್ನೂ ಹುಡುಕುತ್ತಿದ್ದಾರೆ.