ಪಾಸ್‌ಪೋರ್ಟಿನಲ್ಲಿರೋದೇ ನಿಮ್ಮ ಹೆಸರು, ಜಯಕ್ಕ

“ಮೇಷ್ಟ್ರೇ, ಬಿಡುವಾಗಿದ್ದೀರಾ? ಸ್ವಲ್ಪ ಇದನ್ನ ನೋಡಿ” ಎಂದು ಪಕ್ಕದ ಮನೆಯ ಜಯಕ್ಕ ಕಾಂಪೌಂಡಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಇಟ್ಟರು. ಮಗಳು ಡಲ್ಲಾಸಿನಲ್ಲಿದ್ದಾಳೆ, ಬಸುರಿ. ಬಾಣಂತನಕ್ಕೆ ಇವರು ಹೋಗಬೇಕು. ವೀಸಾ ಅರ್ಜಿ ತುಂಬಿಸಲು ಸೈಬರ್ ಅಂಗಡಿಗೆ ಹೋದರೆ ಅಲ್ಲಿಯ ಹುಡುಗ ಕಾಗದಗಳನ್ನೆಲ್ಲ ಹರಡಿಕೊಂಡು, “ಆಂಟಿ, ನಿಮ್ಮ ಹೆಸರು ಎಲ್ಲೂ ಟ್ಯಾಲಿ ಆಗ್ತಿಲ್ಲ. ಎಲ್ಲಾ ಸರಿ ಮಾಡಿಸ್ಕೊಂಡು ಬನ್ನಿ, ಇಲ್ಲಾಂದ್ರೆ ರಿಜೆಕ್ಟ್ ಆಗತ್ತೆ” ಅಂದನಂತೆ. ಅವತ್ತಿನಿಂದ ಜಯಕ್ಕನಿಗೆ ನಿದ್ದೆಯಿಲ್ಲ.

ಒಂದೊಂದೇ ತೆಗೆದು ನೋಡಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಟಿ.ಎನ್. ಜಯಲಕ್ಷ್ಮಿ’: ಊರು ತಿಪಟೂರು, ಅಪ್ಪ ನಂಜುಂಡಯ್ಯ. ಆಧಾರ್‌ನಲ್ಲಿ ‘ಜಯಲಕ್ಷ್ಮಮ್ಮ’. ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ‘ಜಯಲಕ್ಷ್ಮಿ ಎಸ್.’, ಅಲ್ಲಿ ಎಸ್ ಅಂದರೆ ಯಜಮಾನರು ಶಿವಣ್ಣನವರು. ಪಾಸ್‌ಪೋರ್ಟಿನಲ್ಲಿ ಗಿವನ್ ನೇಮ್ ಜಯಲಕ್ಷ್ಮಿ, ಸರ್‌ನೇಮ್ ಶಿವಣ್ಣ. ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಬರೀ ‘ಜಯಮ್ಮ’. ಹೆರಿಗೆ ದಿನ ಆಸ್ಪತ್ರೆಯವರು ಕೇಳಿದಾಗ ಅತ್ತೆ ಬಾಯಿಗೆ ಬಂದದ್ದನ್ನೇ ಹೇಳಿದ್ದರಂತೆ.

“ಐದು ಕಾಗದ, ಐದು ಜನ ಹೆಂಗಸರು! ನಾನು ಯಾರು ಅಂತ ಅವರಿಗೆ ಹೇಗೆ ನಂಬಿಸಲಿ ಮೇಷ್ಟ್ರೇ?”

ಜಯಕ್ಕ, ಮೊದಲು ಗಾಬರಿ ಬಿಡಿ. ಆ ಹುಡುಗ ಅರ್ಧ ಮಾತ್ರ ಸರಿ ಹೇಳಿದ್ದಾನೆ. ವೀಸಾ ಕೊಡುವವರಿಗೆ ನಿಮ್ಮ ಹೆಸರು ಅಂದರೆ ಪಾಸ್‌ಪೋರ್ಟಿನಲ್ಲಿರುವ ಹೆಸರು. ಫೋಟೊ ಇರುವ ಪುಟದ ಕೆಳಗಡೆ ಬಾಣದ ಗುರುತುಗಳು ತುಂಬಿದ ಎರಡು ಸಾಲು ಇದೆ ನೋಡಿ. ವಿಮಾನ ನಿಲ್ದಾಣದ ಯಂತ್ರ ಓದುವುದು ಅದನ್ನು. ಒಂದೊಂದು ಸಾಲಿಗೆ 44 ಅಕ್ಷರ. ಮೇಲಿನ ಸಾಲಿನಲ್ಲಿ ದೇಶದ ಗುರುತು ಹೋಗಿ ಹೆಸರಿಗೆ ಉಳಿಯುವುದು 39 ಜಾಗ. ಮೊದಲು ಸರ್‌ನೇಮ್, ಎರಡು ಬಾಣ, ಆಮೇಲೆ ಗಿವನ್ ನೇಮ್. ನಿಮ್ಮದರಲ್ಲಿ ಶಿವಣ್ಣ, ಎರಡು ಬಾಣ, ಜಯಲಕ್ಷ್ಮಿ ಅಂತ ಸ್ಪಷ್ಟವಾಗಿದೆ. ಅಮೆರಿಕದ ಡಿಎಸ್-160 ಅರ್ಜಿಯಲ್ಲೂ ಇದನ್ನೇ ಅಕ್ಷರಕ್ಕೆ ಅಕ್ಷರ ಇಳಿಸಬೇಕು. ಪ್ರವಾಸದ ವೀಸಾ ಸಂದರ್ಶನಕ್ಕೆ ಬೇಕಾದದ್ದು ಪಾಸ್‌ಪೋರ್ಟು, ಆ ಅರ್ಜಿಯ ದೃಢೀಕರಣ ಪುಟ, ಅಪಾಯಿಂಟ್‌ಮೆಂಟ್ ಪತ್ರ, ಫೋಟೊ. ಆಧಾರ್‌ನಲ್ಲಿ ಒಂದು ‘ಅಮ್ಮ’ ಹೆಚ್ಚಾಗಿ ಸೇರಿಕೊಂಡಿದೆ ಅನ್ನುವುದೊಂದೇ ಕಾರಣಕ್ಕೆ ಯಾರೂ ನಿಮ್ಮನ್ನು ವಾಪಸ್ ಕಳಿಸುವುದಿಲ್ಲ.

“ಹಾಗಾದ್ರೆ ಹಳೇ ಹೆಸರು ಹೇಳೋದೇ ಬೇಡ್ವಾ?”

ಹೇಳಲೇಬೇಕು. ಇಲ್ಲಿಯೇ ನಮ್ಮವರು ಎಡವುವುದು. ಬೇರೆ ಯಾವುದಾದರೂ ಹೆಸರನ್ನು ಎಂದಾದರೂ ಬಳಸಿದ್ದೀರಾ, ಮದುವೆಗೆ ಮುಂಚಿನದು, ಇನ್ನೊಂದು, ಮತ್ತೊಂದು ಅಂತ ಆ ಅರ್ಜಿ ಬಿಡಿಸಿ ಕೇಳುತ್ತದೆ. ‘ಇಲ್ಲ’ ಅಂತ ಒತ್ತಿ ಮುಂದೆ ಹೋಗುವವರೇ ಜಾಸ್ತಿ. ನೀವು ‘ಹೌದು’ ಅನ್ನಿ. ತಿಪಟೂರು ನಂಜುಂಡಯ್ಯ ಜಯಲಕ್ಷ್ಮಿ ಅಂತ ಇನಿಶಿಯಲ್ ಬಿಡಿಸಿ ಬರೆಸಿ, ಜಯಲಕ್ಷ್ಮಮ್ಮ ಅಂತಲೂ ಬರೆಸಿ. ಯುರೋಪಿನ ಶೆಂಗೆನ್ ಅರ್ಜಿಯಲ್ಲಿ ಹುಟ್ಟಿದಾಗಿನ ಸರ್‌ನೇಮ್‌ಗೆ ಒಂದು ಖಾನೆಯೇ ಇದೆ. ಹೆಣ್ಣುಮಕ್ಕಳ ಹೆಸರು ಮದುವೆಯಾದ ಮೇಲೆ ಬದಲಾಗುವುದು ಅವರಿಗೂ ಗೊತ್ತಿರುವ ಸಂಗತಿ. ನಾವೇ ಮೊದಲು ಹೇಳಿದರೆ ಅದು ಮಾಹಿತಿ. ಅವರು ಕಂಡುಹಿಡಿದರೆ ಮುಚ್ಚಿಟ್ಟ ಹಾಗೆ. ಎರಡಕ್ಕೂ ಬಹಳ ಅಂತರವಿದೆ.

ಅಮೆರಿಕದ ಆ ಡಿಎಸ್-160 ಅರ್ಜಿಯಲ್ಲೇ ನಿಮ್ಮ ಪೂರ್ತಿ ಹೆಸರನ್ನು ನಿಮ್ಮ ಲಿಪಿಯಲ್ಲೇ ಬರೆಯಿರಿ ಅನ್ನುವ ಖಾನೆ ಒಂದಿದೆ. ಉಳಿದೆಲ್ಲ ಉತ್ತರ ಇಂಗ್ಲಿಷಿನಲ್ಲೇ ಇರಬೇಕು, ಕನ್ನಡಕ್ಕೆ ಜಾಗ ಇರುವುದು ಅಲ್ಲಿ ಮಾತ್ರ. ತುಂಬಾ ಜನ ‘ಅನ್ವಯಿಸುವುದಿಲ್ಲ’ ಅಂತ ಹಾಕಿಬಿಡುತ್ತಾರೆ. ನೀವು ‘ಜಯಲಕ್ಷ್ಮಿ ಶಿವಣ್ಣ’ ಅಂತ ಕನ್ನಡದಲ್ಲೇ ತುಂಬಿಸಿ. ನನಗಂತೂ ಅದು ಮುಖ್ಯ ಅನ್ನಿಸುತ್ತದೆ.

ಇಷ್ಟಕ್ಕೂ ತಪ್ಪು ನಮ್ಮ ಹೆಸರುಗಳದ್ದಲ್ಲ, ಜಯಕ್ಕ. ಕುಪ್ಪಳಿ ವೆಂಕಟಪ್ಪನವರ ಮಗ ಪುಟ್ಟಪ್ಪ, ಕೆ.ವಿ. ಪುಟ್ಟಪ್ಪ ಆದರು. ಊರು ಮೊದಲು, ಅಪ್ಪ ಆಮೇಲೆ, ತಾನು ಕೊನೆಗೆ. ಧಾರವಾಡದ ಬೇಂದ್ರೆಯವರದು ಇನ್ನೊಂದು ಕ್ರಮ: ದತ್ತಾತ್ರೇಯ ತಾನು, ರಾಮಚಂದ್ರ ಅಪ್ಪ, ಬೇಂದ್ರೆ ಮನೆತನ. ಬೇಂದ್ರೆಯವರ ಹೆಸರು ಗಿವನ್ ನೇಮ್, ಸರ್‌ನೇಮ್ ಅನ್ನುವ ಎರಡು ಖಾನೆಗೆ ಸಲೀಸಾಗಿ ಹೊಂದುತ್ತದೆ. ಪುಟ್ಟಪ್ಪನವರದ್ದನ್ನು ಹಾಗೇ ಇಳಿಸಿದರೆ ಸ್ವಂತ ಹೆಸರೇ ಸರ್‌ನೇಮ್ ಆಗಿ ಕೂರುತ್ತದೆ. ಇನ್ನು ಕಾಗುಣಿತ ಕೇಳಬೇಡಿ. ಗೌಡ ಅನ್ನುವುದನ್ನು ಮಂಡ್ಯ, ಹಾಸನದವರು ಡಬ್ಲ್ಯು ಹಾಕಿ ಬರೆದರೆ ಬೆಳಗಾವಿ ಕಡೆಯವರು ಯು ಹಾಕುತ್ತಾರೆ. ಕವಿತಾ, ಸುನೀತಾ ಅಂತ ಬರೆಯಲು ನಮ್ಮ ಕಡೆ ಟಿ ಪಕ್ಕ ಎಚ್ ಬೇಕೇ ಬೇಕು, ಉತ್ತರ ಕರ್ನಾಟಕದಲ್ಲಿ ಬರೀ ಟಿ ಸಾಕು. ಲಕ್ಷ್ಮಿಗೆ ಕೆಎಸ್‌ಎಚ್ಚೂ ನಡೆಯುತ್ತದೆ, ಎಕ್ಸೂ ನಡೆಯುತ್ತದೆ. ಕೊಂಕಣಿಗರ ಕೆಲವು ಮನೆಗಳಲ್ಲಿ ಮದುವೆಯ ದಿನ ಅಕ್ಕಿ ಹರಡಿದ ತಟ್ಟೆಯಲ್ಲಿ ಉಂಗುರದಿಂದ ಮದುಮಗಳ ಹೊಸ ಹೆಸರು ಬರೆಯುತ್ತಾರೆ. ಅಲ್ಲಿಗೆ ಸ್ವಂತ ಹೆಸರೂ ಬದಲು. ಇದರಲ್ಲಿ ಯಾವುದೂ ಮೋಸವಲ್ಲ, ಅಜ್ಞಾನವೂ ಅಲ್ಲ. ನಾವು ಬದುಕಿದ ರೀತಿ.

ನಿಜವಾಗಿ ಸಂಕಟಪಡುವವರು ಯಾರು ಗೊತ್ತೇ? ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು, ಸರ್‌ನೇಮ್ ಖಾಲಿ ಬಿಟ್ಟವರು. ಅಂಥವರಿಗೆ ಅಮೆರಿಕದ ವೀಸಾದಲ್ಲಿ ಇದ್ದ ಒಂದು ಹೆಸರನ್ನು ಸರ್‌ನೇಮ್ ಮಾಡಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ನನ್ನ ಹಳೆಯ ಶಿಷ್ಯನೊಬ್ಬ ಓದಲು ಹೋದವನು ಫೋನಿನಲ್ಲಿ ಹೇಳುತ್ತಿದ್ದ: ಕಾಲೇಜಿನ ಹಾಜರಿಯಲ್ಲಿ ಎಫ್‌ಎನ್‌ಯು, ಡ್ರೈವಿಂಗ್ ಲೈಸೆನ್ಸಿನಲ್ಲಿ ಎಫ್‌ಎನ್‌ಯು, ಬ್ಯಾಂಕ್ ಕಾರ್ಡಿನಲ್ಲೂ ಅದೇ. ಆಸ್ಪತ್ರೆಯಲ್ಲಿ ನರ್ಸು ‘ಫ್ನೂ, ಫ್ನೂ’ ಅಂತ ಕೂಗಿದಾಗ ತನ್ನನ್ನೇ ಕರೆಯುತ್ತಿದ್ದಾರೆ ಅಂತ ಅವನಿಗೆ ಹೊಳೆಯಲೇ ಇಲ್ಲವಂತೆ. ಅಪ್ಪ ಅಮ್ಮ ತೊಟ್ಟಿಲು ತೂಗಿ ಇಟ್ಟ ಹೆಸರು ಅವನದು. ಕೇಳಿ ನನಗೆ ಹೊಟ್ಟೆ ಉರಿದುಹೋಯಿತು.

ದುಬೈ ಕಡೆಯವರದು ಇನ್ನೂ ಬಿಗಿ. 2022ರ ನವೆಂಬರ್ 21ರಿಂದ ಯುಎಇಯವರು ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಭೇಟಿ ವೀಸಾ ಇಲ್ಲ ಅಂದುಬಿಟ್ಟರು. ಆಮೇಲೆ, ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪುತ್ತೇವೆ ಅಂತ ಸಡಿಲಿಸಿದರು. ಅದಕ್ಕೇ ನನ್ನ ಹತ್ತಿರ ಬರುವ ಹುಡುಗರಿಗೆಲ್ಲ ನಾನು ಹೇಳುವುದು: ಸರ್‌ನೇಮ್ ಖಾಲಿ ಬಿಡಬೇಡಿ. ಅಪ್ಪನ ಹೆಸರೋ ಊರಿನ ಹೆಸರೋ, ಬಿಡಿಸಿ ಬರೆದು ಒಂದನ್ನು ಅಲ್ಲಿ ಕೂರಿಸಿ. ಈಗಾಗಲೇ ಖಾಲಿ ಇದ್ದರೆ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ. 36 ಪುಟದ್ದಕ್ಕೆ ಸಾಮಾನ್ಯ ಶುಲ್ಕ 1500 ರೂಪಾಯಿ. ಅದು ಕೈಗೆ ಬಂದ ಮೇಲೆ ವೀಸಾ, ಆಮೇಲೆ ಟಿಕೆಟ್. ಟಿಕೆಟ್ ಮೊದಲು ತೆಗೆದು ಹೆಸರು ಆಮೇಲೆ ತಿದ್ದಲು ಹೊರಟವರ ಪಾಡು ಹೇಳತೀರದು.

“ಆ ಹುಡುಗ ಆಧಾರ್, ಪ್ಯಾನ್, ಬ್ಯಾಂಕು ಎಲ್ಲಾನೂ ಬದಲಾಯಿಸಿ ಕೊಡ್ತೀನಿ ಅಂತಾನೆ.”

ಅವಸರ ಬೇಡ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಸೈಬರ್ ಅಂಗಡಿಯ ಮಾತು ಕೇಳಿ ಒಂದನ್ನು ಹಾಳು ಮಾಡಿಕೊಳ್ಳಬೇಡಿ. ತಿದ್ದುವುದಾದರೆ ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು, ಅದರ ಹಾಗೇ ಒಂದೇ ಸಲ ತಿದ್ದಿಸಿ. ಪ್ಯಾನೂ ಅಷ್ಟೇ, ಬ್ಯಾಂಕೂ ಅಷ್ಟೇ. ಅಳತೆಗೋಲು ಒಂದೇ ಇರಬೇಕು. ಅಂಕಪಟ್ಟಿಯನ್ನು ಮಾತ್ರ ಈ ವಯಸ್ಸಿನಲ್ಲಿ ಮುಟ್ಟಲು ಹೋಗಬೇಡಿ. ಶಾಲೆಯ ದಾಖಲಾತಿ ಪುಸ್ತಕದಿಂದ ಹಿಡಿದು ಪರೀಕ್ಷಾ ಮಂಡಳಿಯವರೆಗೆ ಕಾಗದ ಓಡಾಡಬೇಕು. ಬಾಣಂತನಕ್ಕೆ ಅದರ ಅಗತ್ಯವೂ ಇಲ್ಲ.

ಜಯಕ್ಕ ಸ್ವಲ್ಪ ಹಗುರಾದರು. ಆಮೇಲೆ ಮಗಳ ಜನನ ಪ್ರಮಾಣಪತ್ರ ತೋರಿಸಿ, “ಈ ಜಯಮ್ಮ?” ಎಂದರು.

ಅದೊಂದು ನಿಜವಾದ ತೊಡಕು, ಮುಚ್ಚುಮರೆ ಮಾಡುವುದಿಲ್ಲ. ಈಗ ಹೋಗಿಬರಲು ಅದು ಅಡ್ಡಬರುವುದಿಲ್ಲ. ಆದರೆ ಮುಂದೆ ಮಗಳು ಅಲ್ಲಿಯ ಪ್ರಜೆಯಾಗಿ, ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸುತ್ತೇನೆ ಅಂದರೆ, ಇವರೇ ನನ್ನ ತಾಯಿ ಅಂತ ತೋರಿಸಬೇಕಾದದ್ದು ಈ ಕಾಗದದಿಂದಲೇ. ಅಲ್ಲಿ ಜಯಮ್ಮನಿಗೂ ಜಯಲಕ್ಷ್ಮಿ ಶಿವಣ್ಣನಿಗೂ ಕೊಂಡಿ ಬೇಕು. ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಜಯಲಕ್ಷ್ಮಿ ಅಂತಲೇ ಇರುವ ಪ್ರಮಾಣಪತ್ರ ಬರೀ ಕನ್ನಡದಲ್ಲಿದ್ದು ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಸುವಾಗ, ಲಕ್ಷ್ಮಿಯನ್ನು ಯಾವ ಸ್ಪೆಲಿಂಗಿನಲ್ಲಿ ಬರೆಯಬೇಕು ಅನ್ನುವುದು ಅನುವಾದಕರ ಕೈಯಲ್ಲಿರುತ್ತದೆ. ಪಾಸ್‌ಪೋರ್ಟಿನ ಸ್ಪೆಲಿಂಗನ್ನೇ ಬರೆಸಿದರೆ ಅದು ಸುಳ್ಳಲ್ಲ, ಕನ್ನಡದಲ್ಲಿ ಇರುವುದು ಅದೇ ಹೆಸರು. ಆದರೆ ಜಯಮ್ಮ ಅಂತ ಇರುವುದನ್ನು ಜಯಲಕ್ಷ್ಮಿ ಅಂತ ಮಾಡಿಸಿದರೆ ಅದು ತಿರುಚಿದ ಹಾಗೆ, ಅದಕ್ಕೆ ಕೈ ಹಾಕಲೇಬಾರದು. ಪ್ರಮಾಣಪತ್ರ ಕೊಟ್ಟ ಕಚೇರಿಯಲ್ಲೇ ತಿದ್ದುಪಡಿ ಕೇಳಬೇಕು. ಜನನ ಮರಣ ನೋಂದಣಿ ಕಾಯ್ದೆ 1969ರದ್ದು, ಅದರಲ್ಲಿ ತಪ್ಪು ತಿದ್ದಲು ದಾರಿಯಿದೆ. ಜೊತೆಗೆ ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಾಯಿಯ ಹೆಸರು ಹೇಗಿದೆ ನೋಡಿ, ಅದೂ ಒಂದು ಪುರಾವೆ. ನಿಮ್ಮನ್ನು ಆಗಿನಿಂದ ಬಲ್ಲ ಹಿರಿಯರಿಬ್ಬರು ಪ್ರಮಾಣ ಮಾಡಿ ಬರೆದುಕೊಟ್ಟರೆ ಅದಕ್ಕೂ ಬೆಲೆಯಿದೆ. ಆ ಹಿರಿಯರು ಗಟ್ಟಿಯಾಗಿರುವಾಗಲೇ ಬರೆಸಿಟ್ಟುಕೊಳ್ಳಿ.

ಇನ್ನು ನೋಟರಿ ಮುಂದೆ ‘ಈ ಹೆಸರುಗಳೆಲ್ಲ ನನ್ನವೇ’ ಅಂತ ಮಾಡಿಸುವ ಅಫಿಡವಿಟ್. ಮಾಡಿಸಿ, ಐದೂ ಹೆಸರು ಯಾವ ಕಾಗದದಲ್ಲಿ ಹೇಗಿದೆ ಅಂತ ನಮೂದಿಸಿ. ಇಲ್ಲಿಯ ಬ್ಯಾಂಕು, ಕಚೇರಿಗಳಲ್ಲಿ ಬಳಕೆಗೆ ಬರುತ್ತದೆ. ಆದರೆ ಅದೊಂದು ಕೈಯಲ್ಲಿದ್ದರೆ ಎಲ್ಲ ಬಾಗಿಲೂ ತೆಗೆಯುತ್ತದೆ ಅಂತ ನಂಬಿಸುವ ಏಜೆಂಟರನ್ನು ದೂರ ಇಡಿ. ಹೊರದೇಶದ ವೀಸಾ ಅಧಿಕಾರಿ ಅದನ್ನು ಒಪ್ಪಲೇಬೇಕೆಂಬ ಕಟ್ಟಳೆಯಿಲ್ಲ. ಅದರ ಹಿಂದೆ ಮದುವೆ ನೋಂದಣಿ ಪತ್ರ, ಅಂಕಪಟ್ಟಿ, ಹಳೆಯ ಪಾಸ್‌ಪೋರ್ಟು ಇದ್ದರೆ ಮಾತ್ರ ಅದಕ್ಕೆ ತೂಕ.

ಮದುವೆಯಾದ ಮೇಲೆ ಹೆಸರು ಬದಲಾಯಿಸಲೇಬೇಕು ಅಂತಲೂ ಇಲ್ಲ, ಜಯಕ್ಕ. ನಿಮ್ಮ ಚಿಕ್ಕ ಮಗಳ ಮದುವೆ ಮುಂದಿದೆಯಲ್ಲ, ಅವಳಿಗೆ ಹೇಳಿ. ಓದಿದ ಹೆಸರು, ಕೆಲಸ ಮಾಡಿದ ಹೆಸರು ಹಾಗೇ ಇರಲಿ. ಮದುವೆಯನ್ನು ನೋಂದಣಿ ಮಾಡಿಸಿ ಪಾಸ್‌ಪೋರ್ಟಿಗೆ ಗಂಡನ ಹೆಸರು ಸೇರಿಸಿಕೊಂಡರೆ ಸಾಕು. ಬದಲಾಯಿಸುವ ಇಷ್ಟವಿದ್ದರೆ ಎಲ್ಲ ಕಡೆಯೂ ಒಂದೇ ವರ್ಷದೊಳಗೆ ಬದಲಾಯಿಸಿ ಮುಗಿಸಬೇಕು. ಅರ್ಧ ಅಲ್ಲಿ, ಅರ್ಧ ಇಲ್ಲಿ ಬಿಟ್ಟವರೇ ಇವತ್ತು ಕವರ್ ಹಿಡಿದುಕೊಂಡು ಓಡಾಡುತ್ತಿರುವುದು.

ನಾನು ಕಲಿಸಿದ ಶಾಲೆಯಲ್ಲಿ ಜೂನ್ ತಿಂಗಳ ಮೊದಲ ವಾರ ದಾಖಲಾತಿ. ಮಗುವನ್ನು ಕರೆತಂದ ಅಜ್ಜನೋ ಮಾವನೋ ಹೇಳಿದ ಹೆಸರು ಪುಸ್ತಕಕ್ಕೆ ಏರುತ್ತಿತ್ತು, ಅಲ್ಲಿಂದ ಅಂಕಪಟ್ಟಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ. ಈಗ ಕಾಲ ಬದಲಾಗಿದೆ. 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸುವಾಗ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರ ಒಂದೇ ಪುರಾವೆ. ಹಾಗಾಗಿ ಮನೆಯಲ್ಲಿ ಎಳೆಗೂಸು ಇರುವವರಲ್ಲಿ ನನ್ನದೊಂದು ವಿನಂತಿ. ಮಗುವಿನ ಹೆಸರು ಬರೆಸುವ ಮುಂಚೆ ಅಪ್ಪ ಅಮ್ಮ ಇಬ್ಬರೂ ತಮ್ಮ ಪಾಸ್‌ಪೋರ್ಟನ್ನೋ ಆಧಾರನ್ನೋ ಎದುರಿಗಿಟ್ಟುಕೊಳ್ಳಿ. ಇನಿಶಿಯಲ್ ಬಿಡಿಸಿ. ಮಗುವಿನ ಹೆಸರಿಗೆ ಎರಡು ಭಾಗ ಇರಲಿ. ತಾಯಿಯ ಹೆಸರನ್ನು ಅವಳ ಕಾಗದದಲ್ಲಿ ಇರುವ ಹಾಗೇ, ಅವಳನ್ನೇ ಕೇಳಿ ಬರೆಸಿ.